ಎಡಗಡೆಯ ಗಂಟೆ

ಎರಡನೇ ಮಹಡಿಯ ಮನೆ, ಊಟದ ಮೇಜು
ಭಾನುವಾರ, ಹನ್ನೊಂದನೇ ತಾರೀಖು, ಬೆಳಿಗ್ಗೆ ಎಂಟೂವರೆ

ಪ್ರೀತಿಯ ಬಿಚ್ಚಪ್ಪನಿಗೆ,

ಅಕ್ಕನ ಆಶೀರ್ವಾದಗಳು. ಈ ಹೆಸರು ಕಂಡು ಮುಖ ಸಿಂಡರಿಸಬೇಡ. ನಿನಗೀಗ ಐವತ್ತೆಂಟು, ಒಂದು ಕಾರ್ಖಾನೆಯ ಯಜಮಾನ, ಎಲ್ಲ ನಿಜ. ಆದರೆ ಮನೆಯಲ್ಲಿ ಕಂಡದ್ದನ್ನೆಲ್ಲ ಬಿಚ್ಚಿ ನೆಲದ ಮೇಲೆ ಹರವುತ್ತಿದ್ದ ಹುಡುಗನಿಗೆ ಅಮ್ಮ ಇಟ್ಟ ಹೆಸರು ಇದು. ಬದಲಾಯಿಸುವ ಅಧಿಕಾರ ನನಗಿಲ್ಲ. ಹೇಗಿದ್ದೀಯಪ್ಪಾ? ಎದೆಯುರಿ ಕಡಿಮೆಯಾಯಿತೇ? ಊಟ ಮಾಡುತ್ತಲೇ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿಯುವ ಚಾಳಿ ಬಿಟ್ಟಿದ್ದೀಯೋ ಇಲ್ಲವೋ? ಕಣ್ಣಿಗೆ ಹೊಸ ಕನ್ನಡಕ ಮಾಡಿಸಿಕೋ, ಹಳೆಯದರಲ್ಲೇ ಕಣ್ಣು ಕಿರಿದು ಮಾಡಿಕೊಂಡು ಕೆಲಸ ಮಾಡಬೇಡ. ನಾನು ಚೆನ್ನಾಗಿದ್ದೇನೆ. ಮೊಣಕಾಲಿನದೊಂದು ತಕರಾರು ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಒಂಬತ್ತು ವರ್ಷದ ಮೇಲೆ ಅಕ್ಕನ ಕಾಗದ ಬಂತಲ್ಲ, ಏನು ಗ್ರಹಚಾರವೋ ಎಂದು ನಿನ್ನ ಜೀವ ಬಾಯಿಗೆ ಬಂದಿರಬಹುದು. ಯಾರಿಗೂ ಏನೂ ಆಗಿಲ್ಲ. ನಿನಗೆ ಒಂದು ವಿಷಯ ಹೇಳಬೇಕು, ಅಷ್ಟೇ. ಅಮ್ಮನ ಹಾಸಿಗೆಯ ಗಂಟೆಯ ವಿಷಯ. ನೇರವಾಗಿ ಹೇಳಲು ಹೋಗಿ ನಿನ್ನೆ ಮೂರು ಹಾಳೆ ಹರಿದು ಹಾಕಿದೆ. ಇವತ್ತು ಸುತ್ತಿ ಬಳಸಿಯೇ ಬರುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದು.

ಮೊದಲು ಈ ಮೇಜಿನ ಮೇಲೆ ಏನೇನಿದೆ ಎಂದು ಹೇಳುತ್ತೇನೆ. ನೀನು ಮೊಟ್ಟಮೊದಲು ಮಾಡಿದ ಕಿಸೆ ರೇಡಿಯೋ ಇದೆ, ಮೂಲೆ ಸವೆದು ಬಣ್ಣ ಹೋಗಿದೆ, ದನಿ ಮಾತ್ರ ಮೊದಲ ದಿನದಂತೆಯೇ ಇದೆ. ಅದರ ಪಕ್ಕದಲ್ಲಿ ನಿನ್ನ ಓದುವ ದೀಪ, ಕುತ್ತಿಗೆಯನ್ನು ಎಲ್ಲಿ ಬಗ್ಗಿಸಿದರೆ ಅಲ್ಲೇ ನಿಲ್ಲುತ್ತದೆ. ನನ್ನ ಮಾತು ಇಷ್ಟು ಕೇಳುವವರು ಈ ಮನೆಯಲ್ಲಿ ಬೇರೆ ಯಾರೂ ಇಲ್ಲ. ಆಮೇಲೆ ಆ ಗಡಿಯಾರ, ದಿಂಬಿನ ಕೆಳಗೆ ಇಟ್ಟರೆ ಹೊತ್ತಿಗೆ ಸರಿಯಾಗಿ ನಡುಗಿ ಎಬ್ಬಿಸುತ್ತದಲ್ಲ, ಅದಕ್ಕೆ ನಾನು ಮೌನಿ ಎಂದು ಹೆಸರಿಟ್ಟಿದ್ದೇನೆ. ಅಡುಗೆಮನೆಯಲ್ಲಿ ಮೂರು ದೀಪದ ನಿನ್ನ ಟೈಮರ್ ಇದೆ. ಹೌದು, ನೀನು ಮಾಡಿದ್ದೆಲ್ಲ ನನ್ನ ಹತ್ತಿರ ಇದೆ, ಒಂದೂ ಬಿಟ್ಟಿಲ್ಲ. ನಿನ್ನ ಮೇಲೆ ಸಿಟ್ಟಿತ್ತು, ನಿನ್ನ ಸಾಮಾನಿನ ಮೇಲೆ ಯಾಕೆ ಸಿಟ್ಟು ಮಾಡಿಕೊಳ್ಳಲಿ? ಹೊಸದು ಬಂದಿದೆ ಎಂದು ತಿಳಿದರೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಿರುತ್ತೇನೆ. “ಮೇಡಂ, ಈ ಕಂಪನಿ ಸಾಮಾನು ಬಂದ್ರೆ ಮೊದಲ್ನೇ ಪೀಸು ನಿಮ್ಗೇ ಅಂತ ಎತ್ತಿಟ್ಟಿರ್ತೀನಿ, ಓಡ್ಕೊಂಡು ಬರ್ಬೇಡಿ, ಬಿದ್ದೀರಿ” ಎನ್ನುತ್ತಾನೆ ಅಂಗಡಿಯವ. ಅವನಿಗೆ ನಾವಿಬ್ಬರು ಅಕ್ಕತಮ್ಮ ಎಂದು ಇವತ್ತಿಗೂ ಗೊತ್ತಿಲ್ಲ.

ಮನೆಗೆ ತಂದ ಕೂಡಲೇ ನಾನು ಮಾಡುವ ಮೊದಲ ಕೆಲಸ ಹಿಂದಿನ ಮುಚ್ಚಳ ಬಿಚ್ಚುವುದು. ಬಿಚ್ಚುವ ರೋಗ ನಿನಗೊಬ್ಬನಿಗೇ ಎಂದು ತಿಳಿಯಬೇಡ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವೈರುಗಳ ಮಧ್ಯೆಯೇ ಕೂತವಳು ನಾನು. ಒಳಗೆ ನೋಡಿದರೆ ವೈರುಗಳನ್ನು ಬಣ್ಣದ ಪ್ರಕಾರ ಜಡೆ ಹೆಣೆದಂತೆ ಕಟ್ಟಿರುತ್ತೀಯ, ಸ್ಕ್ರೂಗಳ ತಲೆಯ ಗೀರುಗಳೆಲ್ಲ ಒಂದೇ ದಿಕ್ಕಿಗೆ ನಿಂತಿರುತ್ತವೆ. ಯಾರು ನೋಡುತ್ತಾರೆ ಅದನ್ನು? ಅಮ್ಮ ಹೊಲಿಗೆ ಮುಗಿಸಿದ ಮೇಲೆ ಪ್ರತಿ ಅಂಗಿಯನ್ನೂ ಒಳಹೊರಗು ಮಾಡಿ, ಬೆಳಕಿಗೆ ಹಿಡಿದು, ಒಳಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದಳಲ್ಲ, ಅದೇ ಇದು. ನಿನ್ನ ರೇಡಿಯೋದ ಹೊಟ್ಟೆ ನೋಡಿದಾಗಲೆಲ್ಲ ನನಗೆ ಅಮ್ಮನ ಹೊಲಿಗೆಯಂತ್ರದ ಎಣ್ಣೆ ವಾಸನೆ ಬಂದಂತಾಗುತ್ತದೆ.

ಇನ್ನೊಂದು ವಿಷಯ ನಿನಗೇ ಗೊತ್ತಿದೆಯೋ ಇಲ್ಲವೋ. ನಿನ್ನ ಎಲ್ಲ ಸಾಮಾನುಗಳಲ್ಲೂ ಬಟನ್ನು, ಚಕ್ರ, ತಿರುಪು ಎಲ್ಲವೂ ಎಡಗಡೆಗೆ ಇವೆ. ಪತ್ರಿಕೆಯಲ್ಲಿ ಬರೆಯುವ ಆ ಗ್ಯಾಜೆಟ್ ಪಂಡಿತ ಪ್ರತಿ ಸಲ ಇದಕ್ಕೇ ಮಾರ್ಕ್ಸ್ ಕಳೆಯುತ್ತಾನೆ. “ವಿನ್ಯಾಸಕಾರರು ಎಡಗೈಯವರಿರಬೇಕು” ಎಂದು ಬರೆದಿದ್ದ. ಓದಿ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ನೀನು ಅಪ್ಪಟ ಬಲಗೈಯವ. ಎಡಗೈಯವಳು ನಾನು. ಸ್ಪ್ಯಾನರ್ ಹಿಡಿಯುವುದು, ವೈರಿನ ಸಿಪ್ಪೆ ಸುಲಿಯುವುದು, ಬೆಸುಗೆ ಹಾಕುವುದು, ಎಲ್ಲವನ್ನೂ ಈ ಮೇಜಿನ ಮೇಲೆ ನನ್ನ ಪಕ್ಕದಲ್ಲಿ ಕೂತು, ನನ್ನ ಕೈ ನೋಡಿ ಕಲಿತೆ ನೀನು. ಎಕ್ಸ್‌ಚೇಂಜಿನಲ್ಲಿ ಮೇಲ್ವಿಚಾರಕಿ “ನೆಟ್ಟಗಿರೋ ಕೈಲಿ ಪ್ಲಗ್ ಹಾಕಮ್ಮಾ” ಎಂದು ಬೈಯುತ್ತಿದ್ದಾಗ ಮನೆಗೆ ಬಂದು ಅಳುತ್ತಿದ್ದೆ. “ದೊಡ್ಡವನಾದ್ಮೇಲೆ ನಿನ್ ಕೈಗೆ ಸರಿಹೋಗೋ ಸಾಮಾನು ನಾನೇ ಮಾಡ್ಕೊಡ್ತೀನಿ ಬಿಡು” ಎಂದಿದ್ದೆ ನೀನು. ಆಗ ನಿನಗೆ ಹನ್ನೆರಡು ವರ್ಷ. ನಾನು ಮಾತು ಬಿಟ್ಟ ಮೇಲೆ ಮಾಡಿದ ಗಡಿಯಾರಕ್ಕೂ ಟೈಮರಿಗೂ ಎಡಗಡೆಗೇ ಬಟನ್ ಇಟ್ಟೆಯಲ್ಲೋ ಮಹಾರಾಯಾ. ಆ ಪಂಡಿತ ಮಾರ್ಕ್ಸ್ ಕಳೆದರೆ ಕಳೆಯಲಿ, ನನಗೆ ಅಷ್ಟು ಸಾಕಾಗಿತ್ತು.

ಈಗ ಒಂದು ಕಳ್ಳತನ ಒಪ್ಪಿಕೊಳ್ಳುತ್ತೇನೆ. ‘ಒಬ್ಬ ಗ್ರಾಹಕಿ’ ಎಂಬ ಸಹಿಯಲ್ಲಿ ನಿನ್ನ ಕಾರ್ಖಾನೆಗೆ ಕಾಗದ ಬರೆದು ತಲೆ ತಿನ್ನುವ ಹೆಂಗಸೊಬ್ಬಳಿದ್ದಾಳಲ್ಲ, ಅದು ನಾನೇ. ಕೈಬರಹ ಗುರುತು ಸಿಕ್ಕೀತೆಂದು ಟೈಪ್ ಮಾಡಿ, ಸ್ನೇಹಿತೆಯ ಮನೆಯ ವಿಳಾಸ ಕೊಟ್ಟು ಕಳಿಸುತ್ತಿದ್ದೆ. ರೇಡಿಯೋದ ಚಕ್ರ ಬಿಗಿ ಎಂದು ಬರೆದೆ, ಮುಂದಿನ ಮಾಡೆಲ್‌ನಲ್ಲಿ ನೀನು ಸಡಿಲ ಮಾಡಿದೆ. ದೀಪದ ಬುಡ ಹಗುರ ಎಂದು ಮೂಗು ತೂರಿಸಿದೆ, ನೀನು ಭಾರ ಹಾಕಿದೆ. ಯಾವ ಕಾಗದಕ್ಕೂ ಉತ್ತರ ಬರೆಯದೆ ಬಿಡಲಿಲ್ಲ ನೀನು. ನಿನ್ನ ಉತ್ತರಗಳೆಲ್ಲ ಇಲ್ಲಿ ಡಬ್ಬಿಯಲ್ಲಿವೆ. ಅಕ್ಕನ ಮಾತು ಹುಟ್ಟಿದಾಗಿನಿಂದ ಕೇಳದವನು ಗ್ರಾಹಕಿಯ ಮಾತು ಎಷ್ಟು ಚೆನ್ನಾಗಿ ಕೇಳುತ್ತೀಯ!

ಎರಡು ತಿಂಗಳ ಹಿಂದೆ ಬರೆದದ್ದು ಟೈಮರಿನ ವಿಷಯ. ಹೊತ್ತು ಮುಗಿಯಿತೆಂದು ಅದರ ಕೆಂಪು ದೀಪ ಹತ್ತಿದಾಗ ನಾನು ಕಿಟಕಿಯ ಬಳಿ ಪಕ್ಕದ ಮನೆಯ ನರ್ಸಮ್ಮನ ಜೊತೆ ಮಾತಿಗೆ ನಿಂತಿದ್ದೆ. ಪಾತ್ರೆ ತಳ ಹಿಡಿದು ಮನೆಯೆಲ್ಲ ಹೊಗೆ. “ಸ್ವಾಮಿ, ನಿಮ್ಮ ಯಾವ ಸಾಮಾನೂ ಸದ್ದು ಮಾಡುವುದಿಲ್ಲವಲ್ಲ ಏಕೆ? ಇದಕ್ಕಾದರೂ ಒಂದು ಗಂಟೆ ಇಡಿ” ಎಂದು ಬರೆದೆ. ನಿನ್ನ ಉತ್ತರ ಬಂತು, ಎರಡೇ ಸಾಲು. “ನಿಮ್ಮ ಪಾತ್ರೆ ಸೀದದ್ದಕ್ಕೆ ಕ್ಷಮಿಸಿ. ಗಂಟೆಯ ವಿಷಯದಲ್ಲಿ ನನಗೆ ನನ್ನ ಕೈಯ ಮೇಲೇ ನಂಬಿಕೆ ಇಲ್ಲ.” ಆ ಕಾಗದವನ್ನು ಎರಡು ಸಲ ಓದಿದೆ. ನಿನ್ನ ಸಾಮಾನುಗಳು ಸದ್ದು ಮಾಡದೆ ಇರುವುದು ಹೊಸ ಬಗೆಯ ಶೈಲಿ ಎಂದುಕೊಂಡಿದ್ದೆ ನಾನು. ಅದು ನನ್ನ ಬಾಯಿಂದ ಬಂದ ಮಾತಿನ ಫಲ ಎಂದು ಒಂಬತ್ತು ವರ್ಷ ಹೊಳೆಯಲೇ ಇಲ್ಲ.

ಆ ದಿನ ನಿನಗೂ ನೆನಪಿದೆ, ಆದರೂ ಹೇಳುತ್ತೇನೆ. ಲಕ್ವ ಹೊಡೆದು ಅಮ್ಮನ ಎಡಗೈಗೆ ಸ್ವಾಧೀನ ಇರಲಿಲ್ಲ. ನೀನು ಒಂದು ಬಟನ್ನು, ಉದ್ದ ವೈರು, ಹಜಾರದಲ್ಲಿ ಬಾರಿಸುವ ಗಂಟೆ, ಇಷ್ಟನ್ನು ಜೋಡಿಸಿ ಬಟನ್ನನ್ನು ಮಂಚದ ಬಲಗಡೆಯ ಸರಳಿಗೆ ಕಟ್ಟಿ ಹೋದೆ. ಎರಡು ವಾರ ಚೆನ್ನಾಗಿ ನಡೆಯಿತು. ಒಂದು ಮಧ್ಯಾಹ್ನ ನಾನು ಹಜಾರದಲ್ಲೇ ಇದ್ದೆ, ಗಂಟೆ ಬಾರಿಸಲಿಲ್ಲ, ಧೊಪ್ಪೆಂದು ಸದ್ದಾಯಿತು. ಓಡಿ ನೋಡಿದರೆ ಅಮ್ಮ ನೆಲದ ಮೇಲೆ, ಸೊಂಟದ ಮೂಳೆ ಮುರಿದಿತ್ತು. ನೀನು ಆಸ್ಪತ್ರೆಗೆ ಓಡಿ ಬಂದಾಗ ಎಲ್ಲರೆದುರು ನಾನು ನಾಲಿಗೆ ಹರಿಯಬಿಟ್ಟೆ. “ನಿನ್ ಆಟದ ಸಾಮಾನು ನಂಬಿ ಅಮ್ಮನ್ನ ಬೀಳಿಸ್ದೆ. ಇನ್ಮೇಲೆ ಈ ಮನೇಲಿ ಏನೂ ಮುಟ್ಬೇಡ” ಎಂದೆ. ನೀನು ತಲೆ ತಗ್ಗಿಸಿ ಹೋದೆ. “ನಾನು ಒತ್ತಿದ್ನೋ ಇಲ್ವೋ ನಂಗೇ ನೆನಪಿಲ್ಲ ಮಗಳೇ, ಅವನ್ನ ಬೈಬೇಡ” ಎಂದು ಅಮ್ಮ ಅಂದದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಮನೆಗೆ ಬಂದು ಸಿಟ್ಟಿನಲ್ಲಿ ಗಂಟೆಯ ಸೆಲ್ ಕಿತ್ತು ಕಸದ ಬುಟ್ಟಿಗೆ ಎಸೆದೆ. ಬಟನ್ ಒತ್ತಿ ನೋಡಬೇಕೆಂದು ಕೂಡ ಅನ್ನಿಸಲಿಲ್ಲ, ಮೂವತ್ತೊಂದು ವರ್ಷ ಗಂಟೆಗಳ ಜೊತೆ ಬದುಕಿದವಳಿಗೆ! ಅಮ್ಮನಿಗೆ ಆಸ್ಪತ್ರೆಯ ಮಂಚ ಬಂತು, ಹಳೆಯದು ವೈರು, ಗಂಟೆಯ ಸಮೇತ ಅಟ್ಟ ಸೇರಿತು. ಅಮ್ಮ ಆಮೇಲೆ ಮೂರು ವರ್ಷ ಬಾಳಿದಳು, ನಾನು ಹೊರಗೆ ಹೋದ ಹೊತ್ತು ನೋಡಿ ನೀನು ಬಂದು ಅವಳನ್ನು ನಗಿಸಿ ಹೋಗುತ್ತಿದ್ದೆ. ಅದು ಗೊತ್ತಿತ್ತು ನನಗೆ, ಬೇಕೆಂದೇ ತಡವಾಗಿ ಬರುತ್ತಿದ್ದೆ.

ಹೋದ ಬುಧವಾರ ನರ್ಸಮ್ಮ ತನ್ನ ಮಾವನಿಗೆ ಬೇಕೆಂದು ಆ ಮಂಚ ಕೇಳಿದಳು. ಬಡಗಿ ಬಂದು ಅಟ್ಟದಿಂದ ಇಳಿಸಿದ. ಧೂಳು ಒರೆಸುತ್ತಾ ಬಂದೆ, ಬಟನ್ ಕೈಗೆ ಸಿಕ್ಕಿತು. ಅದು ಎಡಗಡೆಯ ಸರಳಿನಲ್ಲಿತ್ತು. ಬಡಗಿ ಮಂಚವನ್ನು ತಿರುಗಿಸಿ ಇಟ್ಟಿರಬೇಕೆಂದು ತಲೆದಿಂಬಿನ ಕಡೆ ಯಾವುದು ಎಂದು ಎರಡು ಸಲ ನೋಡಿದೆ. ಎಡಗಡೆಯೇ. ಅಮ್ಮನ ಹೊಲಿಗೆ ಡಬ್ಬಿಯ ನೀಲಿ ಪಟ್ಟಿಯಿಂದ ಕಟ್ಟಿತ್ತು. ಗಂಟು ನನ್ನದು, ಬಿಚ್ಚಪ್ಪಾ. ಎಲ್ಲರ ಗಂಟು ಒಂದು ಕಡೆ ತಿರುಗಿದರೆ ನನ್ನದು ಇನ್ನೊಂದು ಕಡೆ ತಿರುಗುತ್ತದೆ, ಅದನ್ನು ಬಿಚ್ಚಲು ಬರುತ್ತಿದ್ದುದು ನಿನಗೊಬ್ಬನಿಗೇ. ಆಗ ಎಲ್ಲ ನೆನಪಾಯಿತು. ಅಮ್ಮ ಬಿದ್ದ ದಿನದ ಬೆಳಿಗ್ಗೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಹಾಸಿಗೆ ಬದಲಿಸಿದೆ. ದಿಂಬು ಸರಿಯಿದೆಯೇ ಎಂದು ನೋಡಲು ನಾನೇ ಒಮ್ಮೆ ಮಲಗಿದೆ. ಕೈ ಚಾಚಿ, ಎಲ್ಲಿ ಎಟುಕುತ್ತದೋ ಅಲ್ಲಿಗೆ ಬಟನ್ನನ್ನು ಬದಲಿಸಿ ಕಟ್ಟಿದೆ. ಅಮ್ಮನಿಗೆ ಅನುಕೂಲ ಮಾಡಿದೆನೆಂಬ ಸಮಾಧಾನ ಬೇರೆ. ಚಾಚಿದ್ದು ನನ್ನ ಎಡಗೈ. ಅಮ್ಮ ಬಲಗೈಯಲ್ಲಿ ಅದನ್ನು ಹುಡುಕುತ್ತಾ ಎಡಕ್ಕೆ ವಾಲಿ ಎಡಕ್ಕೇ ಬಿದ್ದಳು. ಯಾಕೆ ಆ ಕಡೆಗೆ ಬಿದ್ದಳು ಎಂದು ನಾನು ಯಾವತ್ತೂ ಕೇಳಿಕೊಳ್ಳಲಿಲ್ಲ.

ಗಂಟೆಗೆ ಹೊಸ ಸೆಲ್ ತಂದು ಹಾಕಿದೆ. ಹಳೆಯದನ್ನು ಅಂದು ಕಿತ್ತೆಸೆಯದೆ ಇದ್ದಿದ್ದರೆ ಸೋರಿ ಒಳಗೆಲ್ಲ ತುಕ್ಕು ಹಿಡಿದಿರುತ್ತಿತ್ತು, ನನ್ನ ಸಿಟ್ಟಿನಿಂದ ಆದ ಉಪಕಾರ ಅದೊಂದೇ. ಬಟನ್ ಒತ್ತಿದೆ. ಏನು ಸದ್ದೋ ಅದು! ಕೆಳಗಿನ ಮಹಡಿಯ ನಾಯಿ ಬೊಗಳಿತು, ನರ್ಸಮ್ಮ ಕೈಯಲ್ಲಿದ್ದ ಸೌಟಿನ ಸಮೇತ ಓಡಿ ಬಂದಳು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ಅವಳಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಮತ್ತೆ ಮತ್ತೆ ಒತ್ತಿದೆ. ನಿನ್ನ ಗಂಟೆ ಒಂದು ಸಲವೂ ತಪ್ಪಲಿಲ್ಲ.

ತಪ್ಪು ನನ್ನದು. ಕ್ಷಮಿಸು ಎಂದು ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತಿದ್ದೇನೆ. ಹೊಟ್ಟೆಗೆ ಹಾಕಿಕೋ. ಇನ್ನೊಂದು ಅನುಮಾನ ನಾಲ್ಕು ದಿನದಿಂದ ಕೊರೆಯುತ್ತಿದೆ. ಅಂದು ನನ್ನಿಂದ ಬೈಸಿಕೊಂಡ ಮೇಲೂ ಅಮ್ಮನ ಕನ್ನಡಕ ತರಲು ಮನೆಗೆ ಹೋದವನು ನೀನು. ಆ ಕೋಣೆಗೆ ನೀನು ಹೋಗಿದ್ದೆ. ಒಂದು ಸ್ಕ್ರೂ ಓರೆಯಾಗಿದ್ದರೆ ನಿದ್ದೆ ಬಾರದವನ ಕಣ್ಣಿಗೆ ಆ ನೀಲಿ ಗಂಟು ಬೀಳಲಿಲ್ಲವೇ? ನೋಡಿಯೂ, ಅಕ್ಕ ತಾಳಲಾರಳು ಎಂದು ಬಾಯಿ ಮುಚ್ಚಿಕೊಂಡು, ನಿನ್ನ ಕೈಯನ್ನೇ ದೂರುತ್ತಾ ಕೂತೆಯಾ? ಹಾಗೇನಾದರೂ ಆಗಿದ್ದರೆ ಅದಕ್ಕೆ ಬೇರೆಯಾಗಿ ಕಿವಿ ಹಿಂಡುತ್ತೇನೆ, ಸಿದ್ಧನಾಗಿರು.

ಗಂಟೆಯನ್ನು ಬಟನ್ನು, ವೈರಿನ ಸಮೇತ ಇದರ ಜೊತೆ ಪಾರ್ಸೆಲ್ ಮಾಡಿದ್ದೇನೆ, ಸೆಲ್ ಒಳಗೇ ಇದೆ. ನಿನ್ನ ಕೆಲಸದ ಮೇಜಿನ ಮೇಲಿಟ್ಟು ಒತ್ತಿ ನೋಡು. ನಿನ್ನ ಕೈಯ ಮೇಲೆ ನಂಬಿಕೆ ಬರುವವರೆಗೂ ಒತ್ತು. ಆಮೇಲೆ ಆ ಟೈಮರಿಗೊಂದು ಗಂಟೆ ಇಡಪ್ಪಾ, ನನಗೆ ಪಾತ್ರೆ ತಿಕ್ಕಿ ಸಾಕಾಗಿದೆ. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ಅವಳು ಪ್ರತಿ ವರ್ಷ ನಿನಗೆ ಗೊತ್ತಿಲ್ಲದೆ ನನಗೆ ಫೋನ್ ಮಾಡುತ್ತಾಳೆ, ಅದಕ್ಕೆ ಅವಳನ್ನು ಬೈಯಬೇಡ. ನೂರು ಕಾಲ ಚೆನ್ನಾಗಿ ಬಾಳು, ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ ತಲೆತಿನ್ನುವ ಗ್ರಾಹಕಿ,
ಎಡಚಿ ಅಕ್ಕ

ಮತ್ತೊಂದು ಮಾತು: ಲಕೋಟೆ ಅಂಟಿಸಿ ಮತ್ತೆ ಹರಿದೆ. ಮೊಣಕಾಲಿನ ವಿಷಯ ಹೇಳುತ್ತೇನೆಂದು ಮರೆತಿದ್ದೆ, ನಿಜ ಹೇಳಬೇಕೆಂದರೆ ಮರೆತಿರಲಿಲ್ಲ. ಮುಂದಿನ ತಿಂಗಳು ನಾಲ್ಕನೇ ತಾರೀಖು ಆಪರೇಷನ್. ಮೂರು ವಾರ ಹಾಸಿಗೆ ಬಿಟ್ಟು ಏಳಬಾರದಂತೆ, ಕರೆಯಲು ಕೈಗೆಟುಕುವಂತೆ ಏನಾದರೂ ಇರಲೇಬೇಕು ಎಂದಿದ್ದಾರೆ ಡಾಕ್ಟರು. ಅಂಗಡಿಯವ ಯಾವುದೋ ಬೇರೆ ಕಂಪನಿಯದನ್ನು ತೋರಿಸಿದ, ಬೇಡವೆಂದು ಬಂದೆ. ಪಾರ್ಸೆಲ್‌ನಲ್ಲಿರುವ ಗಂಟೆಯನ್ನು ವಾಪಸ್ ತೆಗೆದುಕೊಂಡು ನೀನೇ ಬಾ. ಎಡಗಡೆಗೆ ಕಟ್ಟು. ಈ ಸಲ ಗಂಟು ನೀನೇ ಹಾಕು.