ಹದಿನೇಳನೆಯ ಸಾಲಿನ ಬಿತ್ತನೆ

ಮಿರ್ಲೆ
14-12-2003

ಮಗಳು ಕಾವ್ಯಶ್ರೀಗೆ ನಿನ್ನ ದೊಡ್ಡಪ್ಪ ಮಂಟಯ್ಯನ ಆಶೀರ್ವಾದ.

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಉತ್ತರ ಬರೆಯದೆ ಇದ್ದುದಕ್ಕೆ ಕೊಯ್ಲು, ಒಕ್ಕಣೆ, ಮಂಡಿನೋವು ಎಂದು ಏನಾದರೂ ನೆಪ ಹೇಳಬಹುದಿತ್ತು. ಕೊಯ್ಲು ಮುಗಿದು ವಾರವಾಯಿತು. ಮಂಡಿನೋವು ಇರುವುದು ನಿನ್ನ ದೊಡ್ಡವ್ವನಿಗೆ. ನಾನು ಬರೆಯದಿದ್ದುದು ಅನುಮಾನದಿಂದ. ನೀನು ಗೊತ್ತಿಲ್ಲದೆ ಕೇಳಿದ್ದೀಯೋ, ಗೊತ್ತಿದ್ದೂ ನನ್ನ ಬಾಯಿ ಬಿಡಿಸಲು ಕೇಳಿದ್ದೀಯೋ ಎಂದು ಮತ್ತೆ ಮತ್ತೆ ಓದಿದೆ. ಸಂತೆಯಿಂದ ಬಂದ ಪೊಟ್ಟಣದ ಕಾಗದ ಬಿಡಿಸಿ ಅಕ್ಷರ ಕಲಿತವನು ನಾನು. ಹರಿದುಹೋದ ಕಡೆ ಏನಿತ್ತೋ ಎಂದು ಯೋಚಿಸುವ ಚಾಳಿ ಇನ್ನೂ ಬಿಟ್ಟಿಲ್ಲ.

ಮೊದಲಿಂದ ಹೇಳುತ್ತೇನೆ. ಬೇಸಿಗೆಯಲ್ಲಿ ನೀನು ಕೃಷಿ ಕಾಲೇಜಿನ ಸಂಶೋಧನೆಗೆಂದು ಬಂದು ನಮ್ಮ ಮನೆಯ ಕೆಂಪು ಭತ್ತದ ಬಿತ್ತನೆ ಕೇಳಿದೆ. ಎಂಥ ಗಾಳಿಮಳೆಗೂ ಮಲಗದೆ ನಿಲ್ಲುವ ಪೈರು ಅದು. "ಅರವತ್ತು ತಳಿ ಸಾಲಾಗಿ ನೆಟ್ಟು, ಒಂದೊಂದರ ಎತ್ತರ, ಕಾಂಡದ ದಪ್ಪ, ಎಲೆಯ ಹಸಿರು ಎಲ್ಲ ಅಳೀತೀವಿ ದೊಡ್ಡಪ್ಪ. ಎಲೆ ಚೂರನ್ನ ಲ್ಯಾಬಿಗೆ ಕಳಿಸಿ ಅದರ ವಂಶದ ಗುರುತೂ ತೆಗೀತೀವಿ. ಎರಡನ್ನೂ ಹೊಂದಿಸಿದ್ರೆ ಮಲಗದೆ ನಿಲ್ಲೋ ಗುಣ ಯಾವ ಗುರುತಿನ ಜೊತೆ ಬರ್ತದೆ ಅಂತ ತಿಳೀತದೆ. ಮುಂದೆ ಹೊಸ ತಳಿ ಮಾಡೋವಾಗ ಸಸಿ ಇರೋವಾಗ್ಲೇ ಆರಿಸ್ಬೋದು" ಎಂದೆ.

ನನಗೆ ಅರ್ಥವಾದದ್ದು ಇಷ್ಟು: ಇವರು ನಮ್ಮ ವಾಡೆಯಲ್ಲಿ, ಆ ಮಣ್ಣಿನ ಕಣಜದಲ್ಲಿ, ಕಾಪಾಡಿದ ಬಿತ್ತನೆಯನ್ನು ಒಯ್ದು ಅದಕ್ಕೊಂದು ನಂಬರು ಹಚ್ಚುತ್ತಾರೆ, ಆಮೇಲೆ ಅದು ಯಾರದ್ದೂ ಅಲ್ಲ.

ಅಕ್ಟೋಬರಿನಲ್ಲಿ ನಮ್ಮ ಗದ್ದೆಯ ಪೈರನ್ನೂ ಅಳೆಯಲು ಬಂದೆಯಲ್ಲ, ನಿನ್ನ ಜೊತೆ ದಿನಗೂಲಿಯ ಆ ಕಾಂತರಾಜು ಇದ್ದ. ಅವತ್ತು ನಾನು ಬದುವಿನ ಮೇಲೆ ಕೂತು ನೋಡಿದ್ದು ಪೈರನ್ನಲ್ಲ, ತೆನೆ ಕದ್ದು ತುಂಬಿಕೊಂಡಾನೆಂದು ಅವನ ಜೇಬನ್ನು. ನೀನು ಇಕ್ಕಳದಂಥ ಯಂತ್ರಕ್ಕೆ ಎಲೆ ಕಚ್ಚಿಸಿ "ಮೂವತ್ತೆಂಟು" ಅನ್ನುವೆ. ಅವನು ಬರೆದುಕೊಂಡು ಎಲೆ ಚೂರನ್ನು ಐಸಿನ ಡಬ್ಬಿಗೆ ಹಾಕುವ. ನಿನ್ನ ದೊಡ್ಡವ್ವ ನಕ್ಕಳು. "ಎಲೆ ಕಚ್ಚಿಸ್ಬುಟ್ಟು ನಂಬರ್ ಯೇಳೋದು ಇದ್ಯಾವ ಸೀಮೆ ಸಾಸ್ತ್ರ ಕಣವ್ವಾ! ಸರಿ ಇತ್ಲಾಗೆ. ಯಾವ್ದು ಬೀಳ್ತದೆ, ಯಾವ್ದು ನಿಂತ್ಕತದೆ, ನಾನು ಬೆರಳಲ್ಲೇ ಯೇಳ್ತೀನಿ." ಬಗ್ಗಿ ಮುಟ್ಟಿ ಮುಟ್ಟಿ ಗಟ್ಟಿಯಾಗಿ ನಿಲ್ಲುವಂಥ ಏಳು ಬುಡ ತೋರಿಸಿದಳು. ನೀನು ನಗಲಿಲ್ಲ. ಏಳಕ್ಕೂ ಬಣ್ಣದ ದಾರ ಕಟ್ಟಿ, "ಇವನ್ನ ಬೇರೆಯಾಗೇ ಅಳೀತೀನಿ ದೊಡ್ಡವ್ವ" ಎಂದೆ. ನನಗೆ ಅದೂ ಅನುಮಾನವೇ. ಭತ್ತ ಸಾಲದು ಎಂದು ಇವಳ ಬೆರಳಿನ ವಿದ್ಯೆಯನ್ನೂ ಕಟ್ಟಿಕೊಂಡು ಹೋಗುತ್ತಾಳಲ್ಲ ಎಂದುಕೊಂಡೆ.

ಈಗ ನಿನ್ನ ಕಾಗದದ ವಿಚಾರ. ನಾನು ಕೊಟ್ಟ ಬಿತ್ತನೆ ನಿಮ್ಮ ತಾಕಿನ ಹದಿನೇಳನೆಯ ಸಾಲು. ಮಳೆಗೆ ಪೂರಾ ಮಲಗಿತು. ನಮ್ಮ ಗದ್ದೆಯಲ್ಲಿ ಅದೇ ಭತ್ತ ನಿಂತಿತ್ತು. ಎರಡು ಕಡೆಯ ಎಲೆಯ ಗುರುತೂ ಒಂದಕ್ಕೊಂದು ಹೊಂದುತ್ತಿಲ್ಲ. ಪೊಟ್ಟಣ ಅದಲುಬದಲು ಮಾಡಿದ್ದು ಕಾಂತರಾಜುವೇ ಎಂದು ನಿಮ್ಮ ಮೇಷ್ಟ್ರು ತಿಂಗಳ ಕೊನೆಗೆ ಅವನನ್ನು ಬಿಡಿಸುತ್ತಾರೆ. "ಅವನು ಅಂಥವನಲ್ಲ ದೊಡ್ಡಪ್ಪ, ನಿಮಗೇನಾದರೂ ತೋಚುತ್ತದೆಯೇ?" ಎಂದು ಕೇಳಿದ್ದೀಯ.

ತೋಚುತ್ತದೆ. ಅದಲುಬದಲು ಮಾಡಿದವನು ನಾನು.

ಬಿತ್ತನೆ ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಇಲ್ಲ ಎನ್ನಲಾರದೆ, ಕೊಡಲೂ ಮನಸ್ಸಾಗದೆ, ಪಕ್ಕದ ಮನೆಯ ಲಿಂಗಣ್ಣನಿಂದ ಬೇರೆ ತಳಿಯ ಎರಡು ಸೇರು ಭತ್ತ ತಂದು ನಿನ್ನ ಚೀಲಕ್ಕೆ ಸುರಿದೆ. ಅದರದೂ ಕೆಂಪು ಹೊಟ್ಟು. ಕಣ್ಣಿಗೆ ಎರಡೂ ಒಂದೇ. "ಯಾಕ್ಲಾ ಮಂಟ, ನಿನ್ ವಾಡೆಗೆ ಇಲಿ ಬಿತ್ತಾ?" ಎಂದು ಅವನು ನಕ್ಕ. ನಿನ್ನ ದೊಡ್ಡವ್ವನಿಗೂ ಹೇಳಲಿಲ್ಲ.

ಮೊನ್ನೆ ಗುರುವಾರ ಕಾಂತರಾಜು ಬಂದ. ಜಗಳಕ್ಕೇ ಬಂದನೆಂದು ಬಾಗಿಲಲ್ಲೇ ನಿಲ್ಲಿಸಿದೆ. "ಆ ದಾರ ಕಟ್ಟಿದ್ ಬುಡದ್ ತೆನೆ ಬ್ಯಾರೆ ಎತ್ತಿಟ್ಟಿದ್ದೀರಾ ಯಜಮಾನ್ರೇ? ನನ್ ಕೆಲ್ಸ ವೋಯ್ತದೆ, ವೋಗ್ಲಿ ಬುಡಿ. ಅವ್ವ ಮುಟ್ಟಿ ಯೇಳಿದ್ ಏಳೂ ಅಳತೇಲಿ ಸರಿ ಬಂದವೆ ಕಣ್ರೀ. ಅವ ಕಳ್ಕೋಬ್ಯಾಡಿ ಅಂತ ಯೇಳಕ್ಕೆ ಬಂದೆ" ಎಂದ.

ನಾನು ಜೇಬು ಕಾಯುತ್ತಿದ್ದ ಮನುಷ್ಯ ಅವನು. ಒಳಗೆ ಕರೆದು ಕೂರಿಸಿ ಹೇಳಿಬಿಟ್ಟೆ. "ಬರ್ದು ಕೊಡಿ" ಎಂದ, ಅಷ್ಟೇ.

ನಾಳೆ ಅವನು ಬರುತ್ತಾನೆ. ಈ ಕಾಗದವನ್ನೂ, ನಮ್ಮ ವಾಡೆಯ ನಿಜವಾದ ಬಿತ್ತನೆಯನ್ನೂ, ಆ ಏಳು ಬುಡದ ತೆನೆಯನ್ನೂ ಅವನ ಕೈಲೇ ಕಳಿಸುತ್ತೇನೆ. ನಿಮ್ಮ ಮೇಷ್ಟ್ರಿಗೆ ಓದಿಸು. ನಂಬದಿದ್ದರೆ ನಾನೇ ಬಸ್ಸು ಹತ್ತಿ ಬಂದು ಅವರೆದುರು ಹೇಳುತ್ತೇನೆ. ಆದರೆ ನಿನ್ನ ಒಂದು ವರ್ಷದ ದುಡಿಮೆ ಕೆಡಿಸಿದ್ದಕ್ಕೆ ನಿನ್ನೆದುರು ಏನು ಹೇಳಲಿ, ಅದು ತಿಳಿಯುತ್ತಿಲ್ಲ.

ನೀನು ನೆಟ್ಟದ್ದೆಲ್ಲ ಎದ್ದು ನಿಲ್ಲಲಿ, ತಾಯಿ.

ನಿನ್ನ ದೊಡ್ಡಪ್ಪ
ಮಂಟಯ್ಯ

ಮತ್ತೆ ಬರೆದದ್ದು: ಈ ಹಾಳೆ ನಿನಗೊಬ್ಬಳಿಗೆ. ಮೇಷ್ಟ್ರಿಗೆ ತೋರಿಸಬೇಡ.

ಯಾಕೆ ಹಾಗೆ ಮಾಡಿದಿರಿ ಎಂದು ನೀನು ಕೇಳಿಯೇ ಕೇಳುತ್ತೀಯ. ನೀನು ಹುಟ್ಟುವ ಮುಂಚಿನ ಮಾತು. ಹನ್ನೊಂದು ವರ್ಷ ತೆನೆ ತೆನೆ ಆರಿಸಿ ಆ ಭತ್ತವನ್ನು ಮಲಗದಂತೆ ಮಾಡಿದವಳು ನಿನ್ನ ದೊಡ್ಡವ್ವ ತಿಮ್ಮಮ್ಮ. ನನ್ನ ತಮ್ಮ ಶಿವಶಂಕರ, ನಿನ್ನಪ್ಪ, ಒಂದು ಕಟ್ಟು ತೆನೆ ಒಯ್ದು ಕೆ.ಆರ್. ನಗರದ ಪ್ರದರ್ಶನದಲ್ಲಿ ತನ್ನದೆಂದು ಇಟ್ಟ. ಶಾಲು ಹೊದಿಸಿದರು, ಪೇಪರಿನಲ್ಲಿ ಪಟ ಬಂತು. ಇವಳಿಗೆ ಓದು ಬಾರದು. "ಏನ್ ಬರ್ದವ್ರೆ, ನನ್ ಎಸ್ರು ಅದಾ?" ಎಂದಳು. ಆ ಮುಖ ನೋಡಿ, "ಅದೆ, ಇಗೋ ಇಲ್ಲಿ" ಎಂದು ಬೆರಳಿಟ್ಟು ಓದಿದೆ.

ಆ ಪೇಪರಿನ ತುಂಡು ಇಪ್ಪತ್ತೈದು ವರ್ಷದಿಂದ ವಾಡೆಯ ಮುಚ್ಚಳದ ಮೇಲಿದೆ. ಬಿತ್ತನೆ ತೆಗೆಯುವಾಗಲೆಲ್ಲ ಓದು ಅನ್ನುತ್ತಾಳೆ; ನಾನೂ ಓದುತ್ತೇನೆ.

ನಿಮ್ಮ ಪೊಟ್ಟಣದ ಮೇಲೆ ನಂಬರಿನ ಜೊತೆ ಅವಳ ಹೆಸರು ಬರೆದು, ಅಂಥದ್ದೊಂದನ್ನು ಇಲ್ಲಿಗೆ ಕಳಿಸು ಮಗಳೇ. ಒಂದು ಸಲವಾದರೂ ಇರುವುದನ್ನು ಓದಿ ಹೇಳುತ್ತೇನೆ.