ಹನ್ನೆರಡು ಬಾಗಿಲು, ಒಂದೇ ಸೊಟ್ಟ

ಮಂಗಳವಾರ, ಮಧ್ಯಾಹ್ನ

ಮುನಿಸಿಕೊಂಡು ಹೋದ ಯಜಮಾನರಿಗೆ, ಮನೆಯಲ್ಲೇ ಉಳಿದವಳ ನಮಸ್ಕಾರ.

ನಾನು ಚೆನ್ನಾಗಿದ್ದೀನಿ. ನೀವು ಹೇಗಿದ್ದೀರಿ ಅಂತ ಕೇಳಲ್ಲ, ನಿಮ್ಮ ತಮ್ಮ ಫೋನಿನಲ್ಲಿ ಎಲ್ಲಾ ಹೇಳಿದ. ಅವನ ಅಂಗಡಿಯಲ್ಲಿ ಮೊಳೆ ತೂಗಿ ಪೊಟ್ಟಣ ಕಟ್ಟುತ್ತಾ ಕೂತಿದ್ದೀರಂತೆ. ಇಪ್ಪತ್ತಾರು ವರ್ಷ ಮರ ಕೊಯ್ದ ಮನುಷ್ಯ, ಮೊಳೆ ತೂಗೋದು. ಗರಗಸದ ಮಿಷಿನ್ ಮಾರಿಬಿಡಲಿ, ಭಾನುವಾರ ಗಿರಾಕಿ ಬರ್ತಾನೆ ಅಂತ ಅವನ ಬಾಯಲ್ಲೇ ಹೇಳಿಸಿದ್ದೀರಿ. ನನ್ನ ಜೊತೆ ಮಾತಾಡಿದ್ರೆ ನಾಲಿಗೆ ಸವೆಯುತ್ತಾ? ನಾನು ಫೋನ್ ಮಾಡಿದ್ರೆ ಹ್ಞೂಂ ಅಂದು ಇಟ್ಟುಬಿಡ್ತೀರಿ, ಅದಕ್ಕೇ ಕಾಗದ. ಮಿಷಿನ್ ಮಾರಲ್ಲ. ಗಿರಾಕಿಗೆ ಬರಬೇಡಪ್ಪಾ ಅಂತ ಹೇಳಿದ್ದೂ ಆಯ್ತು.

ನೀವು ಹೋದ ಮೇಲೆ ಒಂದು ತಿಂಗಳು ಶೆಡ್ಡಿನ ಬಾಗಿಲು ತೆಗೀಲಿಲ್ಲ. ಆಮೇಲೆ ನನ್ನ ಮೇಲೆ ನನಗೇ ರೇಗಿತು. ಆದರೆ ಒಬ್ಬಳೇ ಏನು ಕೊಯ್ಯಲಿ? ದೊಡ್ಡ ಪ್ಲೈವುಡ್ ಶೀಟು ಅಂದ್ರೆ ನೀವು ತಳ್ಳಬೇಕು, ನಾನು ಆ ತುದಿ ಹಿಡೀಬೇಕು. ಮಿಷಿನ್ ಪಕ್ಕದ ಸರಿಯೋ ಟೇಬಲ್ ಅಂಗೈಯಗಲ, ಶೀಟು ಇಟ್ಟರೆ ಅರ್ಧ ಆಚೆ ನೇತಾಡಿ ನೆಲ ಮುಟ್ಟುತ್ತೆ. ಹಾಗಾದ್ರೆ ಟೇಬಲ್ಲನ್ನೇ ಅಗಲ ಮಾಡೋದು ಅಂತ ತೀರ್ಮಾನ ಮಾಡಿದೆ.

ಬೀದಿ ಕೊನೆಯ ವೆಲ್ಡಿಂಗ್‌ನವನು ಯಜಮಾನರು ಬರಲಿ, ಅವರನ್ನೇ ಕೇಳಿ ಮಾಡೋಣ ಅಂದ. ಅಳತೆ ಯಜಮಾನರ ಹತ್ರ ಇಲ್ಲ, ನನ್ನ ಚೀಟಿಯಲ್ಲಿದೆ ಅಂದೆ. ನೀವು ನನಗಿಟ್ಟ ಹೆಸರಿಗೆ ತಕ್ಕ ಹಾಗೆ ಇನ್ಸ್‌ಪೆಕ್ಟರ್ ತರಹ ಪಕ್ಕದಲ್ಲೇ ನಿಂತು ಬೆಸುಗೆ ಹಾಕಿಸಿದೆ. ಚೌಕ ಪೈಪಿನ ಒಂದು ಉದ್ದನೆ ತೋಳು, ಅದರ ತುದಿಗೆ ಚಕ್ರವಿರೋ ಕಾಲು. ಟೇಬಲ್ ಸರಿದ ಹಾಗೆ ಅದೂ ಜೊತೆಗೇ ಉರುಳುತ್ತೆ. ಮೊದಲನೇ ಸಲ ತಳ್ಳಿದಾಗ ತೋಳು ಹೋಗಿ ಗೋಡೆಗೆ ಬಡಿದು ಗಾರೆ ಉದುರಿತು. ಗೋಡೆ ಎಲ್ಲಿದೆ ಅಂತ ಮಾತ್ರ ಅಳೆದಿರಲಿಲ್ಲ. ನೀವಿದ್ದಿದ್ರೆ ಒಂದು ವಾರ ಅದನ್ನೇ ಆಡಿಕೊಂಡು ನಗ್ತಿದ್ರಿ. ಅರ್ಧ ಅಡಿ ಕತ್ತರಿಸಿ ಮತ್ತೆ ಬೆಸುಗೆ ಹಾಕಿಸಿದೆ.

ಆಮೇಲೆ ಹಲಗೆ ಒರಗಿಸೋ ಅಡ್ಡಪಟ್ಟಿ. ಅದು ಹಿಂದಿದ್ರೆ ಅಗಲದ ಶೀಟು ಕೂರಲ್ಲ, ಮುಂದಕ್ಕೆ ತರಬೇಕು. ಬೋಲ್ಟು ಬಿಚ್ಚಿ ಎತ್ತಿದೆ. ಪಟ್ಟಿ ಆನಿಕೊಳ್ಳೋ ಗೂಟದ ಸಂದಿಯಲ್ಲಿ ಏನೋ ಕಸ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು, ಪಟ್ಟಿಯನ್ನು ಹಳೇ ಜಾಗದಲ್ಲೇ ಒಮ್ಮೆ ಕೂರಿಸಿ, ಮೂಲೆ ನೇರ ಇದೆಯಾ ಅಂತ ಮೂಲೆಮಟ್ಟ ಹಿಡಿದೆ. ನೆಟ್ಟಗಿತ್ತು. ಕಸ ವಾಪಸ್ ಇಟ್ಟು ನೋಡಿದೆ. ಸೊಟ್ಟ. ನಾನು ಅಲ್ಲೇ ಮರದ ಪುಡಿಯ ಮೇಲೆ ಕೂತುಬಿಟ್ಟೆ.

ಆ ದಿನ ನೆನಪಿದೆಯಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಹನ್ನೆರಡು ಬಾಗಿಲಿನ ಕಪಾಟು. ಗುರುತು ನನ್ನದು, ಕೊಯ್ತ ನಿಮ್ಮದು. ಕೂರಿಸೋಕೆ ಹೋದ್ರೆ ಒಂದು ಬಾಗಿಲೂ ಸರಿಯಾಗಿ ಮುಚ್ಚಲಿಲ್ಲ. ಡಾಕ್ಟರು ಕೈಕಟ್ಟಿ ನಿಂತಿದ್ರು. ಮಿಷಿನ್ನಲ್ಲೇ ಏನೋ ಆಗಿರಬೇಕು ಅಂತ ನೀವು ಬಾಯಿ ತೆಗೆದ್ರಿ. ಕುಣಿಯೋಕೆ ಬಾರದವನು ನೆಲ ಡೊಂಕು ಅಂದನಂತೆ, ಅಂತ ನಾನು ಚುಚ್ಚಿದೆ. ಅಷ್ಟಕ್ಕೇ ಬಾಯಿ ಮುಚ್ಚಿದ್ರೆ ಆಗ್ತಿತ್ತು. ಇವರ ಕೈ ನಡುಗುತ್ತೆ ಡಾಕ್ಟ್ರೇ, ಇನ್ನು ಇವರ ಕೈಲಿ ಆಗಲ್ಲ ಅಂತಲೂ ಅಂದೆ. ನೀವು ನಿಮ್ಮ ಬಲಗೈ ನೋಡಿಕೊಂಡ್ರಿ. ಕಿವಿ ಮೇಲಿದ್ದ ಪೆನ್ಸಿಲ್ ತೆಗೆದು ಜೇಬಿಗೆ ಹಾಕಿದ್ರಿ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿದ್ರಿ.

ವಾಪಸ್ ಬಂದ ಬಾಗಿಲುಗಳು ಶೆಡ್ಡಿನ ಹಿಂದೆ ಗೋಡೆಗೆ ಒರಗಿದ್ದವು. ಮೊನ್ನೆ ಹನ್ನೆರಡನ್ನೂ ಹೊತ್ತು ತಂದು ಒಂದರ ಮೇಲೊಂದು ಪೇರಿಸಿದೆ. ಇಸ್ಪೀಟಿನ ಕಟ್ಟಿನ ಹಾಗೆ ಕೂತವು, ಒಂದು ಕೂದಲೆಳೆ ಆಚೀಚೆ ಇಲ್ಲ. ಹನ್ನೆರಡೂ ಒಂದೇ ಕಡೆಗೆ, ಒಂದೇ ಅಳತೆ ಸೊಟ್ಟ. ನಡುಗೋ ಕೈ ಹನ್ನೆರಡು ಸಲವೂ ಒಂದೇ ತಪ್ಪು ಮಾಡುತ್ತಾ? ಒಂದು ಹೀಗೆ, ಒಂದು ಹಾಗೆ ಹೋಗಬೇಕಿತ್ತು. ಇಷ್ಟು ಒಂದೇ ಸಮ ಕೊಯ್ಯೋಕೆ ಬಂಡೆಯಂಥ ಕೈ ಬೇಕು. ನೆಲ ನಿಜಕ್ಕೂ ಡೊಂಕಾಗಿತ್ತು ರೀ, ಕುಣಿದವರದ್ದೇನೂ ತಪ್ಪಿಲ್ಲ.

ಒಮ್ಮೆ ಕೂರಿಸಿದ ಪಟ್ಟಿಯನ್ನು ಮತ್ತೆ ಅನುಮಾನಿಸೋದು ಮೇಸ್ತ್ರಿಗೆ ಅವಮಾನ ಅಂತ ನೀವು. ಗುರುತು ಹಾಕಿದ ಮೇಲೆ ನನ್ನ ಕೆಲಸ ಮುಗೀತು ಅಂತ ನಾನು. ಮೂಲೆಮಟ್ಟ ಪಾಪ ಮೊಳೆಗೆ ನೇತಾಡ್ತಾ ನಮ್ಮಿಬ್ಬರ ಜಗಳ ಕೇಳ್ತಾ ಇತ್ತು.

ಈಗ ಪಟ್ಟಿ ಮುಂದೆ ಬಂದು ಕೂತಿದೆ. ನಿನ್ನೆ ಒಬ್ಬಳೇ ಒಂದು ಹಳೇ ಶೀಟು ಇಟ್ಟು, ತಿರುಗಿಸಿ ತಿರುಗಿಸಿ ನಾಲ್ಕೂ ಅಂಚು ಕೊಯ್ದೆ. ಐದನೇ ಸಲ ಅಂಚಿನಿಂದ ಒಂದು ತೆಳು ಸೀಳು ಕೊಯ್ದು ಅದರ ಎರಡೂ ತುದಿ ಅಳೆದೆ, ನೀವು ಹೇಳಿಕೊಟ್ಟ ಹಾಗೇ. ಎರಡೂ ಒಂದೇ ದಪ್ಪ, ಅಂದ್ರೆ ಮಿಷಿನ್ ಈಗ ನೆಟ್ಟಗೆ ಕೊಯ್ಯುತ್ತೆ. ಸೀದಾ ಡಾಕ್ಟರ ಹತ್ರ ಹೋಗಿ ಕಪಾಟು ಮತ್ತೆ ಮಾಡಿಕೊಡ್ತೀವಿ ಅಂದೆ. ತಿಂಗಳ ಕೊನೆಯೊಳಗೆ ಆಗಬೇಕು ಅಂದ್ರು.

ನೀವಿಲ್ಲದಿದ್ರೆ ಕೆಲಸ ನಿಲ್ಲುತ್ತೆ ಅಂತ ತಿಳ್ಕೋಬೇಡಿ. ಹನ್ನೆರಡೂ ಬಾಗಿಲು ನಾನೇ ಕೊಯ್ಯಬಲ್ಲೆ. ಆದರೆ ನೀವು ಕೊಯ್ಯಬೇಕು ಅಂತ ನನ್ನ ಆಸೆ. ಅದೇ ಡಾಕ್ಟರ ಮುಂದೆ, ಅದೇ ಕೈಯಲ್ಲಿ, ಒಂದೊಂದೇ ಬಾಗಿಲು ಮುಚ್ಚಿ ತೋರಿಸಬೇಕು. ಟೀ ಲೋಟ ಹಿಡಿದಾಗ ನಡುಗುತ್ತೆ, ಇಲ್ಲ ಅನ್ನಲ್ಲ. ಅದಕ್ಕೇನು, ಅರ್ಧ ಲೋಟ ಕೊಡ್ತೀನಿ. ಮನೆ ಭಣಭಣ ಅನ್ನುತ್ತೆ, ಅದೂ ನಿಜ.

ಶನಿವಾರದವರೆಗೆ ಹೊಸ ಪ್ಲೈವುಡ್ ಮುಟ್ಟಲ್ಲ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಸ್ವಿಚ್ ಹಾಕ್ತೀನಿ. ತಳ್ಳೋದು ಯಾರು ಅನ್ನೋದು ನಿಮಗೆ ಬಿಟ್ಟಿದ್ದು.

ಇತಿ,
ನಿಮ್ಮ ಇನ್ಸ್‌ಪೆಕ್ಟರ್

ತಾ.ಕ.: ಸಂದಿಯಲ್ಲಿದ್ದದ್ದು ಕಸ ಅಂತ ಬರೆದೆ. ಕಸ ಅಲ್ಲ. ಎಂಟು ಮಡಿಕೆ ಮಾಡಿ ತುರುಕಿದ ಕ್ಯಾಲೆಂಡರ್ ಹಾಳೆ. ಹದಿನಾರನೇ ತಾರೀಕಿನ ಮೇಲೆ ದವಡೆ ಹಲ್ಲು ಕೀಳಿಸೋದು ಅಂತ ಬರೆದಿದೆ. ಅಕ್ಷರ ನನ್ನದು, ಹಲ್ಲೂ ನನ್ನದು. ಕಪಾಟಿನ ಕೆಲಸಕ್ಕೆ ಮುಂಚಿನ ಆ ವಾರ ಮಿಷಿನ್ ಓಡಿದಾಗಲೆಲ್ಲ ಅಡ್ಡಪಟ್ಟಿ ಗಡಗಡ ಅನ್ನೋದು ಹಲ್ಲಿನ ಬೇರಿಗೇ ಬಡೀತಿತ್ತು. ಸರಿಮಾಡಿ ಅಂದ್ರೆ ನೀವು ನಾಳೆ ನಾಳೆ ಅಂತಿದ್ರಿ. ನೀವು ಊಟಕ್ಕೆ ಕೂತಾಗ ನಾನೇ ಹೋಗಿ ತುರುಕಿದೆ, ಸದ್ದು ನಿಂತಿತು, ಮರೆತೂಬಿಟ್ಟೆ. ಈ ನಾಲ್ಕು ಸಾಲು ಬರೆಯೋಕೆ ಆಗದೆ ನಿನ್ನೆಯಿಂದ ಮೂರು ಕಾಗದ ಹರಿದು ಹಾಕಿದ್ದೀನಿ. ಡಾಕ್ಟರಿಗೆ ಹಾಳೆ ತೋರಿಸಿ, ತಪ್ಪು ನನ್ನದು, ಅವರ ಕೈ ನೆಟ್ಟಗಿದೆ ಅಂತ ಹೇಳಿ ಬಂದಿದ್ದೀನಿ. ಹಾಳೆ ಈ ಲಕೋಟೆಯಲ್ಲೇ ಇದೆ. ಬೈಯೋದಿದ್ರೆ ಮನೆಗೆ ಬಂದು ಬೈಯಿರಿ. ಟೇಬಲ್ ತಳ್ಳೋ ಹೊಸ ಹಿಡಿಯನ್ನು ನಿಮ್ಮ ಎತ್ತರಕ್ಕೆ ಹಾಕಿಸಿದ್ದೀನಿ. ಅದನ್ನು ತಳ್ಳಿದ್ರೆ ನನಗೆ ಭುಜ ನೋಯುತ್ತೆ.