ಠಾಣೆಯ ಕಪಾಟಿನಲ್ಲಿರುವ ಚೀವರ

ಪ್ರಾಂತ್ಯದ ಬೌದ್ಧ ವ್ಯವಹಾರಗಳ ಕಚೇರಿಯ ನಿರ್ದೇಶಕರೇ,

ನೀವು ಭಿಕ್ಷುವಾದ ನನ್ನ ತಮ್ಮನ ಮೈಮೇಲಿನ ಕಾವಿ ಚೀವರ ಬಿಚ್ಚಿಸಿದಿರಿ. ನ್ಯಾಯಾಲಯ ಅವರದೇನೂ ತಪ್ಪಿಲ್ಲವೆಂದು ಬಿಟ್ಟು ಕಳಿಸಿದೆ. ಚೀವರ ಮಾತ್ರ ಇನ್ನೂ ಪೊಲೀಸ್ ಠಾಣೆಯ ಕಪಾಟಿನಲ್ಲಿದೆ. ಇತ್ತ ನಮ್ಮವ್ವ ಸಾಯುತ್ತಿದ್ದಾಳೆ. ನಿಮ್ಮ ಕಚೇರಿಗೆ ಅಲೆದು ಅಲೆದು ನನಗೆ ಸಾಕಾಗಿದೆ. ಕೂತರೆ ಕೂರಲಾಗುವುದಿಲ್ಲ, ನಿಂತರೆ ನಿಲ್ಲಲಾಗುವುದಿಲ್ಲ. ಅದಕ್ಕೇ ಈ ಪತ್ರವನ್ನು ಹತ್ತು ಜನ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ನೋಂಗ್ ಸಿಮ್ ಊರಿನ ಬಸ್ ನಿಲ್ದಾಣದಲ್ಲಿ ಕೋಳಿ ಸುಟ್ಟು ಮಾರುವವಳು. ತಮ್ಮ ಖಂಪನ್ ಆಗಷ್ಟೇ ಮೀಸೆ ಮೂಡಿದ ವಯಸ್ಸಿನಲ್ಲಿ ಭಿಕ್ಷುವಾದರು. ಅಂದಿನಿಂದ ಅಕ್ಕನಾದ ನಾನೇ ಅವರಿಗೆ ಅಡ್ಡಬೀಳುತ್ತೇನೆ. ಹೆತ್ತವ್ವನೂ ಅವರ ಕೈ ಮುಟ್ಟಿಲ್ಲ. ಹೆಂಗಸರು ಏನು ಕೊಡುವುದಿದ್ದರೂ ಅವರು ಬಟ್ಟೆ ಹಾಸಬೇಕು, ನಾವು ಅದರ ಮೇಲಿಡಬೇಕು. ಇದೆಲ್ಲ ನಿಮಗೆ ಗೊತ್ತಿರುವುದೇ. ಗೊತ್ತಿರಲಿ ಎಂದೇ ತಾನೆ ಸರ್ಕಾರ ನಿಮಗೆ ಸಂಬಳ ಕೊಡುವುದು?

ಅವರು ಮಾಡಿದ ಅಪರಾಧವಾದರೂ ಏನು? ವಿಹಾರದ ಹಿಂದಿನ ಗುಡ್ಡವನ್ನು ಸುಣ್ಣದಕಲ್ಲಿನ ಗಣಿಗೆ ಬರೆದುಕೊಟ್ಟಾಗ ಅಲ್ಲಿನ ಮರಗಳಿಗೆ ಕಾವಿ ಸುತ್ತಿ ದೀಕ್ಷೆ ಕೊಟ್ಟರು. ದೀಕ್ಷೆಯಾದ ಮರಕ್ಕೆ ನಮ್ಮಲ್ಲಿ ಯಾರೂ ಕೊಡಲಿ ಎತ್ತುವುದಿಲ್ಲ. ಗಣಿಯವರು ಲಾರಿಯಲ್ಲಿ ತುಂಬಿಕೊಂಡು ಬಂದ ಆಳುಗಳೂ ಗರಗಸ ಕೆಳಗಿಟ್ಟು, ಮರಕ್ಕೆ ಕೈಮುಗಿದು ಹೋದರು. ಅದಾದ ಮೇಲೆ, ವಿಹಾರದ ಧ್ಯಾನದ ಗುಡಿಸಲು ಅರಣ್ಯ ಒತ್ತುವರಿ ಎಂದು ಸರ್ಕಾರಕ್ಕೆ ಇದ್ದಕ್ಕಿದ್ದಂತೆ ಜ್ಞಾನೋದಯವಾಯಿತು, ತಮ್ಮನ ಮೇಲೆ ಕೇಸು ಹಾಕಿದರು. ಅದೇ ಗಣಿಯ ಉದ್ಘಾಟನೆಗೆ ಬಂದು ಮಂತ್ರಜಲ ಚಿಮುಕಿಸಿದ ಪಟ್ಟಣದ ಹಿರಿಯ ಭಿಕ್ಷುಗಳಿಗೆ ನೀವು ಜರಿಯ ಬೀಸಣಿಗೆ ಕೊಟ್ಟು ಪದವಿ ಏರಿಸಿದಿರಿ. ಧರ್ಮವನ್ನು ಕಾಯಲೆಂದು ಇಟ್ಟ ಕಚೇರಿ ನಿಮ್ಮದು. ಬೇಲಿಯೇ ಎದ್ದು ಹೊಲ ಮೇಯ್ದರೆ ನಾವು ಯಾರಿಗೆ ಹೇಳೋಣ? ಮರದ ಮೈಮೇಲಿನ ಕಾವಿ ಮುಟ್ಟಲು ನಿಮಗೆ ಇವತ್ತಿಗೂ ಹೆದರಿಕೆ. ಮನುಷ್ಯನ ಮೈಮೇಲಿನದನ್ನು ಎಳೆಯಲು ಯಾಕೆ ಹೆದರಿಕೆಯಾಗಲಿಲ್ಲ?

ಚೀವರದಲ್ಲಿರುವ ಭಿಕ್ಷುವನ್ನು ಜೈಲಿಗೆ ಹಾಕುವಂತಿಲ್ಲವಂತೆ. ಅದಕ್ಕೇ ಮೊದಲು ಭಿಕ್ಷುತನವನ್ನೇ ಕಿತ್ತುಕೊಳ್ಳಬೇಕಂತೆ. ವಿಚಾರಣೆ, ಸಾಕ್ಷಿ, ತೀರ್ಪು ಎಲ್ಲ ಆಮೇಲೆ. ಆ ದಿನ ಠಾಣೆಯಲ್ಲಿ ನಿಮ್ಮ ಕಡೆಯವರೂ ಒಬ್ಬರಿದ್ದರು, ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದರು. ಇನ್ಸ್‌ಪೆಕ್ಟರ್ ಪಾಪ, ಮೊದಲು ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿದರು. ಆಮೇಲೆ, "ಬಿಟ್ಟೆ ಅಂತ ಒಂದು ಮಾತು ಹೇಳ್ಬಿಡಿ ಗುರುಗಳೇ, ನಮಗೂ ಪಾಪ ಸುತ್ಕೊಳ್ಳೋದು ಬೇಡ" ಎಂದರು. ನನ್ನ ತಮ್ಮ ಬಾಯಿ ತೆರೆಯಲಿಲ್ಲ. ಮಹಾಪಾತಕ ಮಾಡದ ಭಿಕ್ಷು ತಾನಾಗಿಯೇ ಬಿಟ್ಟೆನೆಂದು ಹೇಳುವವರೆಗೂ ಭಿಕ್ಷುವೇ, ಇದು ಬುದ್ಧನ ಕಟ್ಟಳೆ. ಪೇದೆಗಳು ಬಟ್ಟೆ ಬಿಚ್ಚಿ, ಬಿಳಿ ಪಂಚೆ ಉಡಿಸಿ ಒಳಗೆ ತಳ್ಳಿದರು. ಬುದ್ಧನ ಕಟ್ಟಳೆ ದೊಡ್ಡದೋ, ನಿಮ್ಮ ಸುತ್ತೋಲೆ ದೊಡ್ಡದೋ?

ಈಗ ಕೇಸು ಬಿದ್ದುಹೋಗಿದೆ. ಆದರೂ ಚೀವರ ಉಟ್ಟರೆ ಭಿಕ್ಷುವೇಷದ ವಂಚನೆಯೆಂದು ಮತ್ತೆ ಹಿಡಿಯುತ್ತೇವೆ ಎನ್ನುತ್ತಾರೆ ನಿಮ್ಮ ಗುಮಾಸ್ತರು. ಹೊಸದಾಗಿ ದೀಕ್ಷೆ ತೆಗೆದುಕೊಂಡರಾಯಿತು, ಅದರಲ್ಲೇನು ಮಹಾ ಎಂದು ನನಗೇ ಬುದ್ಧಿ ಹೇಳಿದರು. ಅದನ್ನು ತಂದು ತಮ್ಮನ ಕಿವಿಗೆ ಹಾಕಿದೆ. "ಬಿಟ್ಟಿದ್ರೆ ತಾನೇ ಅಕ್ಕ, ಮತ್ತೆ ತಗೊಳ್ಳೋದು?" ಎಂದರು. ಹೆಂಗಸರಿರುವ ಸೂರಿನಡಿ ಮಲಗಬಾರದೆಂದು ಕಂಬಗಳ ಮೇಲೆ ನಿಂತ ನಮ್ಮ ಭತ್ತದ ಕಣಜದ ಕೆಳಗೆ ಚಾಪೆ ಹಾಕಿಕೊಂಡಿದ್ದಾರೆ. ಮಧ್ಯಾಹ್ನದ ಮೇಲೆ ಅನ್ನ ಮುಟ್ಟುವುದಿಲ್ಲ.

ಇನ್ನು ಅವ್ವನ ವಿಷಯ. ಮಗನ ಚೀವರದ ಅಂಚು ಹಿಡಿದೇ ತಾಯಿ ಸ್ವರ್ಗಕ್ಕೆ ಹೋಗುವುದೆಂದು ನಮ್ಮಲ್ಲಿ ಪ್ರತಿ ತಾಯಿಯೂ ನಂಬಿದ್ದಾಳೆ. ನಿಮ್ಮ ತಾಯಿಯೂ ನಂಬಿರಬೇಕು. ಅವ್ವನಿಗೆ ಕಣ್ಣು ಕಾಣುವುದಿಲ್ಲ. ಅವಳು ಅಂಚು ಕೇಳಿದಾಗ ನಾನು ಠಾಣೆಯಲ್ಲಿ ಉಡಿಸಿದ ಆ ಬಿಳಿ ಪಂಚೆಯ ತುದಿಯನ್ನೇ ಅವಳ ಬೆರಳಿಗೆ ಸಿಕ್ಕಿಸಿದೆ. ಮೂಸಿ ನೋಡಿದಳು. ಚೀವರಕ್ಕೆ ಹಾಕುವ ಹಲಸಿನ ಚಕ್ಕೆಯ ಬಣ್ಣದ ವಾಸನೆಯಿಲ್ಲ, ಸೋಪಿನ ವಾಸನೆ. ಅದನ್ನು ಪಕ್ಕಕ್ಕಿಟ್ಟಳು.

ಹೋಗಲಿ, ಕೊನೆಗಾಲದಲ್ಲಿ ಮಗನ ಕೈಯಾದರೂ ಹಿಡಿದುಕೊಳ್ಳಲಿ ಎಂದು ನಾನೇ ಅವಳ ಕಿವಿಯ ಹತ್ತಿರ ಬಾಗಿ, ಸರ್ಕಾರ ಅವರನ್ನು ಭಿಕ್ಷುವಲ್ಲ ಎಂದು ಬರೆದಿದೆ, ಈಗ ಮುಟ್ಟಬಹುದು ಎಂದೆ. ನನ್ನ ತಮ್ಮ ಅಲ್ಲೇ ಎದುರಿಗೆ ಕೂತಿದ್ದರು, ತಲೆ ತಗ್ಗಿಸಿದ್ದರು.

"ನನ್ನ ಮಗ ಬಾಯಿಬಿಟ್ಟು ಬಿಟ್ಟೆ ಅಂದ್ನಾ?" ಎಂದು ಕೇಳಿದಳು ಅವ್ವ.

ಇಲ್ಲ ಎಂದೆ.

"ಮತ್ತೆ ನಾನು ಹೆಂಗೆ ಮುಟ್ಲಿ?" ಎಂದು ಚಾಚಿದ್ದ ಕೈಯನ್ನು ಕಂಬಳಿಯೊಳಕ್ಕೆ ಎಳೆದುಕೊಂಡಳು. ತಮ್ಮ ಅತ್ತರು. ಅಷ್ಟು ವರ್ಷಗಳಲ್ಲಿ ಅವರು ಅತ್ತಿದ್ದನ್ನು ನಾನು ಕಂಡಿದ್ದು ಅದೇ ಮೊದಲು.

ನಿರ್ದೇಶಕರೇ, ನನಗೆ ಪರಿಹಾರ ಬೇಡ, ಕ್ಷಮಾಪಣೆಯೂ ಬೇಡ. ಚೀವರ ಕಳಿಸಿಕೊಡಿ, ಇಂದೇ. ಆಗುವುದಿಲ್ಲವೆಂದರೆ ನೀವೇ ಬನ್ನಿ, ಗುಮಾಸ್ತರನ್ನು ಕಳಿಸಬೇಡಿ. ಅವ್ವನ ಹಾಸಿಗೆಯ ಪಕ್ಕ ಕೂತು, "ಅಜ್ಜೀ, ಇವರು ಭಿಕ್ಷು ಅಲ್ಲ, ಕೈ ಹಿಡ್ಕೋ" ಎಂದು ನಿಮ್ಮ ಬಾಯಿಂದಲೇ ಹೇಳಿ. ಅವಳು ಕಂಬಳಿಯಿಂದ ಕೈ ಹೊರಗೆ ತೆಗೆದರೆ ನಿಮ್ಮ ಕಾಗದವನ್ನು ನಾನೂ ಒಪ್ಪುತ್ತೇನೆ.

ಇಂತಿ,
ನಿಮ್ಮ ಕಡತದ ಪ್ರಕಾರ ಒಬ್ಬ ಸಂಸಾರಿಯ ಅಕ್ಕ,
ಇವತ್ತು ಬೆಳಿಗ್ಗೆಯೂ ಅವರಿಗೆ ಅಡ್ಡಬಿದ್ದು ಬಂದವಳು,
ಬುವಾಲೈ